ಬಾಗಿಲು ಹಾಕದ ಖಾಸಿಂಬಿ

ಸಿನಿಮಾವೊಂದಕ್ಕೆ ವಸ್ತ್ರವಿನ್ಯಾಸ ಮಾಡಲು ಮಾನ್ವಿಗೆ ಹೋಗಿದ್ದೆ. ಕಥೆ ಇಷ್ಟೇ: ಕರುಣೆಯಿಲ್ಲದ ಹತ್ತಿ ಸಾಹುಕಾರನೊಬ್ಬ, ಹೆಂಡತಿಯಿದ್ದೂ, ತನ್ನ ಗಿರಣಿಯ ಹುಡುಗಿಯೊಂದಿಗೆ ಸಂಬಂಧ ಬೆಳೆಸಿ, ಬೇಸರವಾದೊಡನೆ ಹೊರಗೆ ಹಾಕುತ್ತಾನೆ. ಅವಳ ಮುಖದ ಮೇಲೆ ಬಾಗಿಲು ಹಾಕುವ ಮನೆಗೆಲಸದವಳ ಪಾತ್ರಕ್ಕೆ ಅದೇ ಊರಿನ ಖಾಸಿಂಬಿ ಬಂದಿದ್ದರು. ಮಾತೇನೂ ಇರಲಿಲ್ಲ.

ಗಿರಣಿ ಹುಡುಗಿಯ ಪಾತ್ರದ ನಾಯಕಿ ಅಳುತ್ತ ಹೊಸ್ತಿಲಾಚೆ ನಿಂತಳು. ಖಾಸಿಂಬಿ ಬಾಗಿಲು ಹಿಡಿದು ಸುಮ್ಮನೆ ನಿಂತುಬಿಟ್ಟರು.

"ಹಾಕಮ್ಮಾ ಬಾಗಿಲು!" ಎಂದು ನಿರ್ದೇಶಕ ಕೂಗಿದ.

"ನನ್ ಕೈಲಿ ಆಗಂಗಿಲ್ರೀ ಸಾಹೇಬ್ರ. ಈ ಹುಡುಗಿ ಎಲ್ಲಿಗಿ ಹೋಗ್ಬೇಕು?"

"ಇದು ಸಿನಿಮಾ ಕಣಮ್ಮ!"

"ಗೊತ್ತದರೀ. ನನಗ ಹಿಂಗ ಬಾಗ್ಲಾ ಹಾಕಿದಾಗ ಅದು ಸಿನಿಮಾ ಇರ್ಲಿಲ್ಲ."

ಬೇರೆಯವರನ್ನು ಕರೆಸೋಣವೆಂದು ಸಹಾಯಕ ಪಿಸುಗುಟ್ಟಿದ. ಅಷ್ಟರಲ್ಲಿ ಖಾಸಿಂಬಿ ಹೊಸ್ತಿಲು ದಾಟಿ, ನಾಯಕಿಯ ಹೆಗಲಿಗೆ ತಮ್ಮ ಸೆರಗು ಹೊದಿಸಿ, "ಬಾ ಬೇಟಿ, ನಮ್ ಮನಿಗಿ ಹೋಗೂಣು" ಎಂದು ಕೈಹಿಡಿದು ನಡೆದೇಬಿಟ್ಟರು. ಹುಡುಗಿ ಈಗ ನಿಜವಾಗಿ ಅಳತೊಡಗಿದಳು. ಕ್ಯಾಮೆರಾ ಓಡುತ್ತಲೇ ಇತ್ತು. ಕೊನೆಗೆ ನಿರ್ದೇಶಕ ಅದನ್ನೇ ಸಿನಿಮಾದಲ್ಲಿ ಇಟ್ಟುಕೊಂಡ.

ಸಾಹುಕಾರನ ಪಾತ್ರಧಾರಿಗೆ ಮಾತ್ರ ಇನ್ನೂ ಸಿಟ್ಟಿದೆ. ಅಷ್ಟು ದೊಡ್ಡ ಶ್ರೀಮಂತ ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳಬೇಕಾಯಿತಂತೆ.