ಸೆನ್ಸರಿನ ಗಾತ್ರವೂ ಒಂದು ಕಪ್ಪು ಬೀಜವೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮನೆಗೊಂದು ಮಿಕ್ಸಿ ತರಬೇಕಾದರೂ ನಾನು ಪರೀಕ್ಷೆಗೆ ಓದಿದ ಹಾಗೆ ಓದುತ್ತೇನೆ. ಮೋಟಾರು ಎಷ್ಟು ವ್ಯಾಟಿನದು, ಜಾರು ಯಾವ ಉಕ್ಕಿನದು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಮಾಡುತ್ತೇನೆ. ಅಷ್ಟರಲ್ಲಿ ಅಮ್ಮ ಒರಳಿನಲ್ಲಿ ಚಟ್ನಿ ರುಬ್ಬಿ ಮುಗಿಸಿರುತ್ತಾಳೆ. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು, ಅದೂ ಭೌತಶಾಸ್ತ್ರದಲ್ಲಿ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ, ಗೋಣಿಚೀಲದ ಮೇಲೆ ಕೂತು ಓದಿ ಪಡೆದದ್ದನ್ನು ಹೇಳಿಕೊಳ್ಳದೆ ಮುಚ್ಚಿಡುವಷ್ಟು ದೊಡ್ಡತನ ನನಗಿನ್ನೂ ಬಂದಿಲ್ಲ. ಈಗ ಹೈಸ್ಕೂಲಿನಲ್ಲಿ ಮಕ್ಕಳಿಗೆ ಬೆಳಕಿನ ಪಾಠ ಮಾಡುತ್ತೇನೆ. ಹಾಗಾಗಿ ಕ್ಯಾಮೆರಾದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಧೈರ್ಯವಿತ್ತು. ಇತ್ತು ಎಂದೆ, ಗಮನಿಸಿ.

ಕ್ಯಾಮೆರಾ ಬೇಕೆನಿಸಿದ್ದು ಅಮ್ಮನಿಗಾಗಿ. ಅಮ್ಮ ಎಸ್ಟೇಟಿನ ಸ್ಟೋರಿನಲ್ಲಿ ಕಾಫಿ ಬೀಜ ಆರಿಸುತ್ತಾಳೆ. ಜರಡಿ ಬೀಜವನ್ನು ದಪ್ಪ, ಸಣ್ಣ ಎಂದು ಬೇರೆ ಮಾಡಿಕೊಡುತ್ತದೆ. ಆಮೇಲೆ ಉದ್ದನೆಯ ಮೇಜಿನ ಮುಂದೆ ಕೂತ ಹೆಂಗಸರು ಅದರಲ್ಲಿರುವ ಕಪ್ಪು ಬೀಜ, ಒಡಕು ಬೀಜ, ಹುಳು ತಿಂದ ಬೀಜಗಳನ್ನು ಕೈಯಿಂದ ಹೆಕ್ಕಿ ತೆಗೆಯಬೇಕು. ಅಮ್ಮನ ಬೆರಳುಗಳು ಈ ಕೆಲಸದಲ್ಲಿ ಓಡುವುದನ್ನು ನೋಡಿದರೆ ಕೋಳಿ ಕಾಳು ಹೆಕ್ಕುವುದು ನೆನಪಾಗುತ್ತದೆ. ಕೋಳಿಗೆ ಕೋಪ ಬಂದೀತು, ಏಕೆಂದರೆ ಅಮ್ಮನೇ ಬೇಗ. ನಾನು ಓದಿದ್ದು ಆ ಬೆರಳುಗಳಿಂದ. ಮುಂದಿನ ಸುಗ್ಗಿಗೆ ಈ ಕೆಲಸಕ್ಕೆ ಯಂತ್ರ ಬರುತ್ತದೆ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹೇಳಿಬಿಟ್ಟಿದ್ದರು. ಆಮೇಲೆ ಮೇಜೂ ಇಲ್ಲ, ಕೂರುವವರೂ ಇಲ್ಲ. ಅಮ್ಮ ಕೆಲಸ ಮಾಡುತ್ತಿರುವ ಒಂದೇ ಒಂದು ಫೋಟೋ ನಮ್ಮಲ್ಲಿಲ್ಲ. ಇರುವುದು ಗುರುತಿನ ಚೀಟಿಯದು. ಅದರಲ್ಲಿ ಅವಳು ಮಾಡದ ಕಳ್ಳತನ ಒಪ್ಪಿಕೊಂಡವಳಂತೆ ಕಾಣುತ್ತಾಳೆ. ಸುಗ್ಗಿ ಮುಗಿಯಲು ಮೂರು ವಾರವಿತ್ತು. ಅಷ್ಟರೊಳಗೆ ಆ ಕೈಗಳು ನನಗೆ ಫೋಟೋದಲ್ಲಿ ಸಿಗಬೇಕಿತ್ತು.

ಸರಿ, ಪಟ್ಟಿ ಶುರುವಾಯಿತು. ಓದಿದಲ್ಲೆಲ್ಲ ಒಂದೇ ಮಾತು: ಸೆನ್ಸರ್ ದೊಡ್ಡದಿರಬೇಕು. ಸೆನ್ಸರ್ ಎಂದರೆ ಕ್ಯಾಮೆರಾದೊಳಗೆ ಬೆಳಕು ಬಂದು ಬೀಳುವ ಪುಟ್ಟ ಹಲಗೆ. ಫುಲ್ ಫ್ರೇಮ್ ಎನ್ನುವುದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಿಕ್ಕದು. ಕಾಲೇಜಿನ ಕಾಲದಿಂದ ನನ್ನ ಹತ್ತಿರ ಬಿದ್ದಿದ್ದ ಜೇಬಿನ ಕ್ಯಾಮೆರಾದ ಸೆನ್ಸರ್ ಅದರ ಮುಂದೆ ಕಿರುಬೆರಳಿನ ಉಗುರು. ಲೆಕ್ಕ ಹಾಕಿದೆ. ಮೂವತ್ತು ಪಟ್ಟು ವ್ಯತ್ಯಾಸ! ಒಂದು ಒಳ್ಳೆಯ ಕಾಫಿ ಬೀಜಕ್ಕಿಂತಲೂ ಚಿಕ್ಕದಾದ ಹಲಗೆಯ ಮೇಲೆ ನಮ್ಮಮ್ಮ ಹಿಡಿಸುವುದು ಹೇಗೆ ಎಂದು ನನಗೆ ಅವಮಾನವೇ ಆಯಿತು.

ಅಮ್ಮನಿಗೆ ಇದನ್ನೆಲ್ಲ ಅವಳ ಭಾಷೆಯಲ್ಲೇ ವಿವರಿಸಿದೆ. "ಕಾಫಿ ಒಣಗಿಸೋ ಕಣ ಇದ್ದ ಹಾಗೆ ಕಣಮ್ಮ. ಕಣ ದೊಡ್ಡದಾದಷ್ಟೂ ಬಿಸಿಲು ಜಾಸ್ತಿ ಬೀಳುತ್ತೆ."

"ಮೋಡ ಕವ್ಕಂಡಿದ್ರೆ?" ಎಂದಳು ಅಮ್ಮ, ಅವರೆಕಾಯಿ ಬಿಡಿಸುತ್ತಾ.

ನಾನು ಪಾಠ ನಿಲ್ಲಿಸಿದೆ. ಹಿಂದಿನ ಬೆಂಚಿನವರು ಇಂಥ ಪ್ರಶ್ನೆ ಕೇಳಿದಾಗಲೂ ನಾನು ಹಾಗೇ ಮಾಡುವುದು.

ಮಾರನಹಳ್ಳಿಯಲ್ಲಿ ಮದುವೆ ಫೋಟೋ ತೆಗೆಯುವ ಲೋಕೇಶ ನನ್ನ ಜೊತೆ ಓದಿದವನು. ಅವನನ್ನು ಕೇಳಿದೆ. "ಫುಲ್ ಫ್ರೇಮ್ ಇಲ್ದೆ ಆ ಕತ್ಲೆ ಸ್ಟೋರ್‌ನಾಗೆ ಏನ್ ತೆಗಿತೀಯ ಮಾರಾಯ್ತಿ? ಬರೀ ಚುಕ್ಕಿ ಚುಕ್ಕಿ, ಗಸಗಸೆ ಚೆಲ್ದಂಗೆ ಬತ್ತದೆ ಅಷ್ಟೆ. ಕೊಳ್ಳೋದು ಆಮೇಲ್ ನೋಡುವಂತೆ, ನಂದೇ ತಗಂಡ್ ಹೋಗು," ಎಂದು ತನ್ನ ದೊಡ್ಡ ಕ್ಯಾಮೆರಾವನ್ನು ಎರಡು ದಿನಕ್ಕೆ ಕೊಟ್ಟ. ಅದರ ತೂಕಕ್ಕೆ ನನ್ನ ಕುತ್ತಿಗೆ ಬಾಗಿತು. ಹೆಮ್ಮೆಯಿಂದ ಮತ್ತೆ ನೆಟ್ಟಗಾಯಿತು.

ನಾನು ಮಾಡಿದ ತಪ್ಪೆಂದರೆ, ನಾಳೆ ದೊಡ್ಡ ಕ್ಯಾಮೆರಾ ತರುತ್ತೇನೆ ಎಂದು ಮುಂಚೆಯೇ ಹೇಳಿದ್ದು. ನಮ್ಮ ಲೈನಿನಲ್ಲಿ ಫೋಟೋ ಎಂದರೆ ಮದುವೆ ಇಲ್ಲವೇ ನಾಮಕರಣ. ಅದಕ್ಕೆ ಬೇರೆ ಸೀರೆಯೇ ಇರುತ್ತದೆ. ಬೆಳಿಗ್ಗೆ ಸ್ಟೋರಿಗೆ ಹೋದರೆ, ಧೂಳು ತುಂಬಿದ ಗೋಣಿಚೀಲಗಳ ನಡುವೆ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಸಾಲಾಗಿ ಕೂತಿದ್ದಾರೆ! ದಿನವೂ ಸೀರೆಯ ಮೇಲೆ ತೊಡುವ ಹಳೇ ಅಂಗಿಗಳು ಮೊಳೆಗೆ ನೇತಾಡುತ್ತಿವೆ. ಅಮ್ಮನ ಪಕ್ಕ ಕೂರುವ ಪುಟ್ಟಮ್ಮ ಮುಡಿ ತುಂಬ ಮಲ್ಲಿಗೆ ಬೇರೆ ಮುಡಿದಿದ್ದಳು.

"ಬೀಜ ಆರಿಸ್ತಾ ಇರಿ, ನನ್ನ ನೋಡಬೇಡಿ," ಎಂದೆ.

"ನೋಡ್ದೆ ಹೆಂಗಿರದವ್ವ? ಅಷ್ಟ್ ದೊಡ್ ಕಣ್ ಬುಟ್ಕಂಡ್ ಅದೇ ನಮ್ಮನ್ನ ನೋಡ್ತಾ ಐತೆ," ಎಂದಳು ಪುಟ್ಟಮ್ಮ. ಎಲ್ಲರೂ ನಕ್ಕರು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಎಲ್ಲರೂ ನಗುವುದನ್ನು ನಿಲ್ಲಿಸಿದರು.

ನಾನು ನಿಂತ ಒಳಗಿನ ಕಡೆಯಿಂದ ನೋಡಿದರೆ ಬೆಳಕು ಕಡಿಮೆ. ಪುಸ್ತಕದಲ್ಲಿ ಓದಿದಂತೆ ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆದೆ, ಹತ್ತಿರ ಹೋಗಿ ಅಮ್ಮನ ಕಣ್ಣಿಗೆ ಫೋಕಸ್ ಮಾಡಿದೆ, ತೆಗೆದೆ. ಸಂಜೆ ಮನೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಆಹಾ, ಅಮ್ಮನ ರೆಪ್ಪೆಗೂದಲು ಎಣಿಸಬಹುದಿತ್ತು! ಆದರೆ ಮುಂದೆ ಮೇಜಿನ ಮೇಲಿದ್ದ ಕೈಗಳು? ಮಂಜಿನಲ್ಲಿ ಕರಗಿಹೋಗಿದ್ದವು. ದೊಡ್ಡ ಸೆನ್ಸರಿನಲ್ಲಿ ಲೆನ್ಸಿನ ಬಾಯಿ ತೆರೆದು ಹತ್ತಿರದಿಂದ ತೆಗೆದರೆ ಸ್ಪಷ್ಟವಾಗಿ ಉಳಿಯುವುದು ತೆಳ್ಳನೆಯ ಒಂದು ಪದರ ಮಾತ್ರ. ಅದರ ಹಿಂದೆ ಮುಂದೆ ಎಲ್ಲವೂ ಮಸುಕು. ಇದು ನನಗೆ ಗೊತ್ತಿತ್ತು. ಮಕ್ಕಳಿಗೆ ಚಿತ್ರ ಬರೆದು ತೋರಿಸಿದ್ದೇನೆ ಕೂಡ. ಗೊತ್ತಿರುವುದು ಬೇಕಾದ ಹೊತ್ತಿಗೆ ನೆನಪಾಗುವುದಕ್ಕೆ ಬೇರೆ ಪದವಿ ಇರಬೇಕು. ನೂರಾರು ಫೋಟೋಗಳಲ್ಲಿ ರೇಷ್ಮೆಯುಟ್ಟ ಅಮ್ಮ ಗುರುತಿನ ಚೀಟಿಯ ಅಮ್ಮನಂತೆಯೇ ಬಿಗಿದುಕೊಂಡು ಕೂತಿದ್ದಳು. ನನಗೆ ಬೇಕಾಗಿದ್ದ ಕೈಗಳು ಒಂದರಲ್ಲೂ ಇರಲಿಲ್ಲ. ಮಾರನೆಯ ದಿನ ಭಾನುವಾರ, ಸ್ಟೋರಿಗೆ ರಜೆ. ಅದರ ಮಾರನೆಯ ದಿನ ಲೋಕೇಶನಿಗೆ ಆಲೂರಿನಲ್ಲಿ ಮದುವೆ, ಕ್ಯಾಮೆರಾ ವಾಪಸಾಯಿತು.

ಆಮೇಲೆ ಶಾಲೆಯ ಪರೀಕ್ಷೆಗಳ ಮೌಲ್ಯಮಾಪನ, ಅದು, ಇದು. ನೋಡನೋಡುತ್ತಾ ಆರಿಸುವ ಕೆಲಸದ ಕೊನೆಯ ದಿನ ಬಂದೇ ಬಿಟ್ಟಿತು. ಬೇರೆ ದಾರಿಯಿಲ್ಲದೆ ಆ ಉಗುರುಗಾತ್ರದ ಸೆನ್ಸರಿನ ಕ್ಯಾಮೆರಾವನ್ನೇ ಚೀಲಕ್ಕೆ ಹಾಕಿಕೊಂಡು, ಯಾರಿಗೂ ಹೇಳದೆ, ಅರ್ಧ ದಿನ ರಜೆ ಹಾಕಿ ಹೋದೆ. ಅಮ್ಮ ಹಳೇ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿ, ಬಾಗಿಲ ಪಕ್ಕದ ತನ್ನ ಜಾಗದಲ್ಲಿದ್ದಳು. ನಾನು ಒಳಗೆ ಚೀಲಗಳ ಸಂದಿಯಲ್ಲಿ ನಿಂತು ಬೆಳಕಿಗಾಗಿ ಪರದಾಡುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಆ ಕತ್ಲೇಲಿ ಏನ್ ಹುಡುಕ್ತಿದ್ದೀಯೇ? ಈ ಕಡೀಕ್ ಬಾ. ಕಪ್ಪು ಬೀಜ ಕಾಣ್ಲಿ ಅಂತ್ಲೇ ನಾವು ಬಾಗ್ಲಿಗೆ ಮೇಜ್ ಹಾಕಿರದು. ಓರೆ ಬೆಳಕ್ನಾಗೆ ಎಲ್ಲ ಕಾಣ್ತದೆ. ಇಷ್ಟ್ ಓದಿದ್ದೀಯ, ಬೆಳಕ್ ಎಲ್ಲೈತೆ ಅಂತ ಗೊತ್ತಾಗಲ್ವ?"

ಬೈಯುತ್ತಲೇ ಇದ್ದಳು. ಬೆರಳುಗಳು ಓಡುತ್ತಲೇ ಇದ್ದವು. ನಾನು ಬಾಗಿಲಿಗೆ ಬಂದು ಒತ್ತಿದೆ. ಪುಟ್ಟಮ್ಮ ಆ ಸಣ್ಣ ಡಬ್ಬಿಯನ್ನು ನೋಡಿ, "ಇದೇನವ್ವ, ಆವತ್ತಿಂದು ಮರಿ ಹಾಕ್ತಾ?" ಎಂದಳು. ಅಮ್ಮ ಬಾಯ್ತುಂಬ ನಕ್ಕಳು. ಆಗಲೂ ಕೈ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದೆ.

ಆ ಎರಡನೆಯದರಲ್ಲಿ ಎಲ್ಲವೂ ಇದೆ. ನಗು, ಹಳೇ ಅಂಗಿ, ಹತ್ತು ಬೆರಳು, ಮೇಜಿನ ತುಂಬ ಬೀಜ. ಸೆನ್ಸರ್ ಚಿಕ್ಕದಾದ್ದರಿಂದಲೇ ಮುಂದಿನದೂ ಹಿಂದಿನದೂ ಒಟ್ಟಿಗೆ ಸ್ಪಷ್ಟವಾಗಿವೆ.

ಹಾಗಾದರೆ ಸೆನ್ಸರಿನ ಗಾತ್ರ ಮುಖ್ಯವಲ್ಲವೇ ಎಂದು ನೀವು ಕೇಳಬಹುದು. ಮುಖ್ಯ. ಮುಸ್ಸಂಜೆಯಲ್ಲಿ ಬಿಸಿಲೆ ಕಾಡಿನ ಹಕ್ಕಿಯನ್ನು ಹಿಡಿಯಬೇಕಾದರೆ ದೊಡ್ಡದನ್ನೇ ಒಯ್ಯಿರಿ, ನನ್ನ ಭೌತಶಾಸ್ತ್ರವನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಯಾವುದರ ಫೋಟೋ ಎಂಬುದು ಮೊದಲು ಗೊತ್ತಿರಬೇಕು. ನನ್ನ ಪಟ್ಟಿಯಲ್ಲಿ ಆ ಕಾಲಮ್ಮೇ ಇರಲಿಲ್ಲ. ಅಮ್ಮ ಹೇಳುವ ಹಾಗೆ, ಜರಡಿ ಬೀಜದ ದಪ್ಪ ಹೇಳುತ್ತದೆ. ಅದು ಕಪ್ಪೋ ಕೆಟ್ಟಿದೆಯೋ ಹೇಳುವುದಕ್ಕೆ ಯಾರಾದರೂ ಬಾಗಿಲಲ್ಲಿ ಕೂರಲೇಬೇಕು.

ಲೋಕೇಶ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕುವ ಮುಂಚೆ ಕಂಪ್ಯೂಟರಿನಲ್ಲಿ ಅಮ್ಮನಿಗೆ ತೋರಿಸಿದ. ತನ್ನ ನಗು ನೋಡಿ ಅವಳ ಕಣ್ಣು ತುಂಬೀತು ಎಂದು ನಾನು ಕರವಸ್ತ್ರ ಸಿದ್ಧವಾಗಿಟ್ಟುಕೊಂಡಿದ್ದೆ. ಅಮ್ಮ ಮುಖದ ಕಡೆ ನೋಡಲೇ ಇಲ್ಲ. ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಮೇಜಿನ ಮೂಲೆಯ ಮೇಲೆ ಬೆರಳಿಟ್ಟಳು.

"ಅಯ್ಯೋ! ಆರಿಸಿದ್ ರಾಶೀಲಿ ಒಂದು ಕಪ್ಪು ಉಳ್ಕಂಡ್ಬುಟ್ಟೈತಲ್ಲೇ!"

ಲೋಕೇಶ ದೊಡ್ಡದು ಮಾಡಿ ನೋಡಿದ. ಹೌದು, ಇತ್ತು. ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ಅವನ ಕಣ್ಣಿಗೂ ಬಿದ್ದಿರಲಿಲ್ಲ. "ಬುಡವ್ವ, ಎರಡ್ ನಿಮಿಷ. ಅಳಿಸಿ ಬಿಸಾಕ್ತೀನಿ," ಎಂದು ಮೌಸ್ ಹಿಡಿದ.

"ಏಯ್, ಮುಟ್ಬೇಡ ಕಣೋ," ಎಂದಳು ಅಮ್ಮ. "ಇರ್ಲಿ ಅದು. ಅಳಿಸಿದ್ರೆ, ನಾನ್ ಕಂಡಿದ್ನ ಯಾರ್ ನಂಬ್ತಾರೆ?"

ಈಗ ಆ ಫೋಟೋ ನನ್ನ ಪದವಿ ಪತ್ರದ ಪಕ್ಕದಲ್ಲಿ ತೂಗುತ್ತಿದೆ. ಮನೆಗೆ ಬಂದವರಿಗೆ ನಾನು ಪದವಿಯ ಕಥೆ ಶುರು ಮಾಡುವಷ್ಟರಲ್ಲಿ ಅಮ್ಮ ಅವರನ್ನು ಫೋಟೋದ ಮುಂದೆ ನಿಲ್ಲಿಸಿರುತ್ತಾಳೆ. "ಇದ್ರಾಗೆ ಒಂದು ಕಪ್ಪು ಬೀಜ ಐತೆ, ಹುಡುಕಿ ನೋಡನ." ಇಲ್ಲಿಯವರೆಗೆ ಯಾರೂ ಗೆದ್ದಿಲ್ಲ. ಯಂತ್ರ ಜೋಡಿಸಲು ಬಂದ ಎಂಜಿನಿಯರನ್ನು ಮೊನ್ನೆ ರೈಟರು ಕಾಫಿಗೆಂದು ನಮ್ಮಲ್ಲಿಗೆ ಕರೆತಂದಿದ್ದರು, ಅವನೂ ಸೋತ. ಹೋಗುವಾಗ ಅಮ್ಮನನ್ನು ಮೆಲ್ಲಗೆ ಕೇಳಿದ: ಯಂತ್ರದ ಕಣ್ಣು ತಪ್ಪಿ ಉಳಿದದ್ದನ್ನು ಕೊನೆಗೊಮ್ಮೆ ನೋಡಲು ಒಬ್ಬರು ಬೇಕಾಗುತ್ತಾರೆ, ಬರುತ್ತೀರಾ?

"ಬಾಗ್ಲ ತಾವ ಮೇಜ್ ಹಾಕ್ಸಿದ್ರೆ ಬತ್ತೀನಿ," ಎಂದಳು ಅಮ್ಮ.