ಹಳೆಯ ವಿಳಾಸದಿಂದ ಬಂದ ಉತ್ತರ

ದೋಣಿಗಲ್ ಹತ್ತಿರದ ಕಾಫಿ ಎಸ್ಟೇಟಿನ ಆಫೀಸಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ನನ್ನೊಡನೆ ಮಾತಾಡುವವರೇ ಇರಲಿಲ್ಲ. ಕೂಲಿ ಲೈನಿನ ಆಳುಗಳಿಗೆ ನಾನು ಆಫೀಸಿನವನು, ಬಂಗಲೆಯ ಸಾಹುಕಾರರ ಮನೆಯವರಿಗೆ ಸಂಬಳದವನು. ಸಂಜೆ ಕ್ವಾರ್ಟರ್ಸಿನ ಬೀಗ ತೆಗೆದು ಒಳಗೆ ಹೋದರೆ ನನ್ನ ಕೆಮ್ಮೇ ನನಗೆ ಕೇಳುತ್ತಿತ್ತು.

ಕಾಫಿ ಹೂ ಅರಳಿಸುವ ಹೂಮಳೆಯ ದಿನಗಳಲ್ಲಿ ಆಫೀಸಿಗೆ ಬ್ರಾಡ್‌ಬ್ಯಾಂಡ್ ಬಂತು. ಅದರ ಡಬ್ಬಿಗೂ ನಮ್ಮ ಲೆಕ್ಕದ ಫೈಲುಗಳನ್ನೆಲ್ಲ ಇಟ್ಟಿದ್ದ ಸರ್ವರಿಗೂ ಒಂದೇ ಐಪಿ ವಿಳಾಸ, ಎರಡು ಮನೆಗೆ ಒಂದೇ ನಂಬರ್ ಇದ್ದಹಾಗೆ; ಎರಡೂ ಕಚ್ಚಾಡತೊಡಗಿದವು. ಸರ್ವರಿನ ವಿಳಾಸ ಬದಲಿಸಿದೆ. ಆಫೀಸಿನ ಕಂಪ್ಯೂಟರುಗಳು ಸರಿಹೋದವು, ಕಾಫಿ ಒಣಗಿಸುವ ಕಣದ ಆಚೆಯ ಸ್ಟೋರಿನದು ಮಾತ್ರ ಮೊಂಡು ಹಿಡಿಯಿತು. ರಾತ್ರಿ ಎಷ್ಟು ಸೆಂಟು (ನೂರು ಸೆಂಟಿಗೆ ಒಂದು ಇಂಚು) ಮಳೆ ಬಿತ್ತೆಂದು ಸ್ಟೋರಿನ ಲೆಕ್ಕ ಬರೆಯುವ ರೈಟರು ಪ್ರತಿದಿನ ಸರ್ವರಿನ ಫೈಲಿಗೆ ಹಾಕಬೇಕು. ಅದನ್ನು ನೋಡದೆ ಸಾಹುಕಾರರಿಗೆ ತಿಂಡಿ ಇಳಿಯುತ್ತಿರಲಿಲ್ಲ.

ಹಾಗಾಗಿ ದಿನವೂ ಕಣ ದಾಟಿ ಹೋದೆ. ಕೇಬಲ್ ಇಲಿ ಕಡಿದಿದೆಯೇನೋ ಎಂದು ನೋಡಿದೆ, ಇರಲಿಲ್ಲ. ಸರ್ವರಿನ ಹೆಸರು ಹಿಡಿದು ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ’ ಎಂದು ಕೂಗಿದರೆ, ಥಟ್ಟನೆ ಉತ್ತರ ಬರುತ್ತಿತ್ತು. ಅದರೊಳಗಿನ ಮಳೆ ಲೆಕ್ಕದ ಫೋಲ್ಡರ್ ಮಾತ್ರ ತೆರೆಯದು. ದರಿದ್ರದ್ದು, ತಲೆ ಕೆಟ್ಟುಹೋಯಿತು.

ಆದರೆ ರೈಟರ ಹೆಂಡತಿ ಬೆಲ್ಲದ ಕಾಫಿ ತಂದುಕೊಡುತ್ತಿದ್ದರು. “ತಿಂಡಿ ಆಯ್ತಾ ಸಾರ್? ಮುಖ ಯಾಕೆ ಬಾಡೋಗೈತೆ?” ಅನ್ನುತ್ತಿದ್ದರು. ಬಿಸಿಲೆ ಘಾಟಿ ಕಡೆಯ ತಮ್ಮ ತಂಗಿಯ ಮನೆ ಹಲಸಿನ ಮರಕ್ಕೆ ಆನೆ ಬಂದಿದ್ದನ್ನು ರೈಟರು ದಿನಕ್ಕೊಂದು ಥರ ಹೇಳುತ್ತಿದ್ದರು. ಆನೆಯೂ ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಅಲ್ಲಿ ಕೂತಿದ್ದಷ್ಟು ಹೊತ್ತು ನನಗೆ ಸುಖವಾಗಿತ್ತು. ಈ ಕಂಪ್ಯೂಟರ್ ಇನ್ನೊಂದಿಷ್ಟು ದಿನ ಹೀಗೇ ಇರಲಿ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಉತ್ತರ ಯಾವ ನಂಬರಿನಿಂದ ಬರುತ್ತಿದೆಯೆಂದು ನೋಡಿದೆ. ಸರ್ವರಿನ ಹಳೆಯ ವಿಳಾಸದಿಂದ! ನನಗಿಂತ ಮುಂಚೆ ಇದ್ದ ಆಪರೇಟರು ಸರ್ವರಿನ ಹೆಸರಿಗೆ ಆ ನಂಬರನ್ನೇ ಸ್ಟೋರಿನ ಕಂಪ್ಯೂಟರಿನೊಳಗೆ ಗಂಟು ಹಾಕಿಟ್ಟಿದ್ದ. ಈಗ ಆ ನಂಬರಿನಲ್ಲಿ ಕೂತಿದ್ದುದು ಬ್ರಾಡ್‌ಬ್ಯಾಂಡ್ ಡಬ್ಬಿ. ಯಾರನ್ನು ಕರೆದರೆ ತನಗೇನು ಎಂದು ಅದು ಓಗೊಡುತ್ತಿತ್ತು. ನಂಬರ್ ತಿದ್ದಿದೆ. ಫೋಲ್ಡರ್ ತೆರೆಯಿತು.

ರೈಟರು ಹಿಗ್ಗಿಹೋದರು. “ಬಂತು ಕಣ್ರೀ ಸಾರ್! ಪಾಪ, ದಿನಾ ಬಿಸಿಲಲ್ಲಿ ಇಲ್ಲೀಗಂಟ ಅಲೆದ್ಬುಟ್ರಿ. ಇನ್ನು ನೀವು ಇತ್ಲಾಗೆ ಬರೋ ಕೆಲಸಾನೇ ಇಲ್ಲ ಬಿಡಿ.”

ಅವರು ಪ್ರೀತಿಯಿಂದಲೇ ಹೇಳಿದ್ದು. ಹೂಂ ಅಂದೆ.

ಮಾರನೆಯ ಬೆಳಿಗ್ಗೆ ಮಳೆಯ ಲೆಕ್ಕ ನನ್ನ ಪರದೆಗೇ ಬಂದಿತ್ತು. ಅಭ್ಯಾಸಬಲದಿಂದ ಚಪ್ಪಲಿ ಮೆಟ್ಟಿ ಹೊರಟವನು ಬಾಗಿಲಲ್ಲೇ ನಿಂತೆ. ಹೋಗಿ ಏನೆಂದು ಹೇಳುವುದು?