ರೂಟ್ ಸಿಕ್ಕಿದ ದಿನ

ಇವತ್ತು ಬೆಳಿಗ್ಗೆ ಚಾವಡಿಯಲ್ಲಿ ಕೂತಿದ್ದಾಗ ಒಳಗಿನಿಂದ ಬೆಸುಗೆಯ ಹೊಗೆಯ ವಾಸನೆ ಬಂತು. ನನ್ನ ಪುಳ್ಳಿ, ಎಂದರೆ ಮಗನ ಮಗಳು ಶ್ರಾವ್ಯ, ನಾಳೆ ಕಾಲೇಜಿನ ಮಕ್ಕಳಿಗೆ ಇಲೆಕ್ಟ್ರಾನಿಕ್ ಡಬ್ಬಿಗಳನ್ನು ಬಿಚ್ಚುವ ಪಾಠ ಮಾಡಲಿಕ್ಕೆ ತಯಾರಿ ನಡೆಸಿದ್ದಾಳೆ. ನನ್ನಂಥ ಐದನೇ ಕ್ಲಾಸು ದಾಟದವನ ಮನೆಯಲ್ಲಿ ಪಾಠ ಹೇಳುವವಳು! ನಮ್ಮ ಶಕ್ತಿನಗರದಲ್ಲಿ ನಾನು ಇದನ್ನು ಹೇಳದ ಮನೆ ಉಳಿದಿಲ್ಲ. ಹಾಲಿನವನು ಈಗ ನನ್ನನ್ನು ಕಂಡರೆ ಬೈಕ್ ನಿಲ್ಲಿಸುವುದೇ ಇಲ್ಲ. ಆದರೆ ಆ ವಾಸನೆ ಮೂಗಿಗೆ ಬಂದರೆ ಸಾಕು, ಇಷ್ಟು ಕುಣಿಯುವ ನನ್ನ ತಲೆ ತಾನಾಗಿ ತಗ್ಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾಲ್ಕು ವರ್ಷದ ಹಿಂದಿನ ಮಾತು. ಮನೆಯ ಇಂಟರ್ನೆಟ್ಟಿಗೆ ಒಂದು ರೂಟರ್ ಇತ್ತು, ಕಂಪೆನಿಯ ಹೆಸರೇ ಇಲ್ಲದ ಬಿಳಿ ಡಬ್ಬಿ. ಗಳಿಗೆಗೊಮ್ಮೆ ನಿಲ್ಲುತ್ತಿತ್ತು. ಮಸ್ಕತ್ತಿನಿಂದ ಮಗ ವೀಡಿಯೊ ಕಾಲ್ ಮಾಡಿದರೆ ಅವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯುತ್ತಿತ್ತು. ಶ್ರಾವ್ಯ ಅದರ ಮುಚ್ಚಳ ಬಿಚ್ಚಿ, ಮೂರು ವಯರ್ ಬೆಸೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಎರಡು ದಿನ ಏನೇನೋ ಪಾಸ್‌ವರ್ಡ್ ಹಾಕಿ ನೋಡಿದಳು. ಮೂರನೇ ದಿನ ಕಿರುಚಿದಳು: "ಅಜ್ಜಾ, ರೂಟ್ ಸಿಕ್ಕಿತು!"

ನಾನು ಉಳ್ಳಾಲದ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ರೂಟ್ ಸಿಗುವುದೆಂದರೆ ಸಾಮಾನ್ಯವೇ? ಒಂದು ರೂಟಿನ ಪರ್ಮಿಟ್ಟಿಗೆ ನಮ್ಮ ಬಸ್ಸಿನ ಧಣಿಗಳು ಚಪ್ಪಲಿ ಸವೆಯುವಷ್ಟು ಅಲೆದಿದ್ದರು. "ಎಲ್ಲಿಂದ ಎಲ್ಲಿಗೆ ಮಗಾ?" ಎಂದು ಕೇಳಿದೆ.

ಅವಳು ಬಿದ್ದು ಬಿದ್ದು ನಕ್ಕಳು. "ಆ ರೂಟ್ ಅಲ್ಲ ಅಜ್ಜ! ಇನ್ನು ಈ ಡಬ್ಬಿಗೆ ನಾನೇ ಯಜಮಾನಿ. ಹೇಳಿದ್ದೆಲ್ಲ ಕೇಳ್ತದೆ."

"ನಿನ್ನ ಅಮ್ಮನಂತೂ ಕೇಳುವುದಿಲ್ಲ, ಇದಾದರೂ ಕೇಳಲಿ ಮಾರಾಯ್ತಿ."

ಆಮೇಲೆ ಫರ್ಮ್‌ವೇರ್ ಎಂಬುದನ್ನು, ಎಂದರೆ ಆ ಡಬ್ಬಿಯನ್ನು ನಡೆಸುವ ಒಳಬರಹವನ್ನು, ಇದ್ದದ್ದು ಇದ್ದ ಹಾಗೇ ಲ್ಯಾಪ್‌ಟಾಪಿಗೆ ನಕಲು ಮಾಡಿಟ್ಟಳು.

"ಡಬ್ಬಿಯಲ್ಲೇ ಉಂಟಲ್ಲ, ಮತ್ತೆ ಇದೆಂತಕ್ಕೆ?"

"ಕೆಟ್ಟರೆ ವಾಪಸ್ ಹಾಕ್ಲಿಕ್ಕೆ."

ಕೆಡುವ ಮೊದಲೇ ಕೆಡುವ ಮಾತೇ ಎಂದು ಹಂಗಿಸಿದೆ. ಅವಳು ತಿದ್ದಿದ ಹೊಸ ಬರಹವನ್ನು ಡಬ್ಬಿಗೆ ಇಳಿಯಲು ಬಿಟ್ಟು, "ಹತ್ತು ನಿಮಿಷ ಹಾಗೇ ಇರಲಿ" ಎಂದು ಸ್ನಾನಕ್ಕೆ ಹೋದಳು.

ಕಡೆಯ ಸ್ಟಾಪಿನಲ್ಲಿ ಎಂಜಿನ್ ಸುಮ್ಮನೆ ಓಡುತ್ತಿದ್ದರೆ ನನಗೆ ಆಗುವುದಿಲ್ಲ. ರೂಟ್ ಸಿಕ್ಕಿತು, ನಕಲೂ ಆಯಿತು, ಇನ್ನೆಂತ ಬಾಕಿ ಎಂದು ಗೋಡೆಯ ಸ್ವಿಚ್ಚು ತೆಗೆದೆ. ಅವಳ ಹತ್ತು ನಿಮಿಷ ನೆನಪಾಗಿ ತಕ್ಷಣ ಮತ್ತೆ ಹಾಕಿದೆ. ಕೆಂಪು ದೀಪ ಹೊತ್ತಿತು. ಕೆಂಪಾಗಿಯೇ ಉಳಿಯಿತು.

ಶ್ರಾವ್ಯ ಬಂದು ನೋಡಿ ಬಿಳಿಚಿಕೊಂಡಳು. "ನಾನೇ ಎಲ್ಲಿಯೋ ತಪ್ಪಿದೆ," ಎಂದಳು. ಸೊಸೆ ಓಡಿ ಬಂದಳು. "ಇದ್ದದ್ದನ್ನೂ ಹಾಳು ಮಾಡಿದಿಯಲ್ಲ! ಇನ್ನು ಸ್ಕ್ರೂಡ್ರೈವರ್ ಮುಟ್ಟು, ಆಗ ಉಂಟು ನಿನಗೆ," ಎಂದು ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಬೀಗ ಜಡಿದಳು. "ಮಾವ, ನೀವಾದರೂ ಇವಳಿಗೆ ಹೇಳಬಾರದಾ?"

ಹೇಳಿದೆ ನೋಡಿ. "ಹೌದು ಮಗಾ, ಅಮ್ಮ ಹೇಳುವುದು ಸರಿ," ಎಂದೆ. ಬಸ್ಸು ತುಂಬಿದ ಜನರನ್ನು ಬರೀ ಬಾಯಿಯಲ್ಲಿ ಹಿಂದೆ ಮುಂದೆ ಸರಿಸಿದವನಿಗೆ 'ನಾನು' ಎಂಬ ಒಂದು ಶಬ್ದ ಹೊರಡಲಿಲ್ಲ.

ವಾರ ಕಳೆದು, ಅತ್ತು ಕರೆದು ಲ್ಯಾಪ್‌ಟಾಪು ಬಿಡಿಸಿಕೊಂಡ ಹುಡುಗಿ ಆ ನಕಲನ್ನೇ ವಾಪಸ್ ಹಾಕಿದಳು. ಹಸಿರು ದೀಪ ಬಂತು. ಊರಿಗೆಲ್ಲ ಕೇಳುವ ಹಾಗೆ ಹೊಗಳಿದೆ. ಆ ಗದ್ದಲದ ಮರೆಯಲ್ಲಿ ನನ್ನ ತಪ್ಪನ್ನು ಅಡಗಿಸಿಟ್ಟೆ.

ಇವತ್ತು ಅವಳು ನಾಳೆಯ ಪಾಠವನ್ನು ನನಗೆ ಓದಿ ಹೇಳಿದಳು. ನಡುವೆ ಒಂದು ಸಾಲು: "ನನ್ನ ಮೊದಲ ರೂಟರ್ ನನ್ನ ತಪ್ಪಿನಿಂದಲೇ ಒಮ್ಮೆ ಸತ್ತಿತ್ತು. ಏನು ತಪ್ಪೆಂದು ಇವತ್ತಿಗೂ ಗೊತ್ತಾಗಿಲ್ಲ."

"ಸ್ವಿಚ್ಚು ತೆಗೆದದ್ದು ನಾನು ಮಗಾ," ಎಂದೆ.

ಅವಳು ನಗಲಿಲ್ಲ. "ನಾಲ್ಕು ವರ್ಷದಿಂದ ಪ್ರತಿಯೊಂದನ್ನೂ ಮೂರು ಮೂರು ಸಲ ನೋಡ್ತೇನೆ ಅಜ್ಜ. ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲ. ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?"

ಅವಳು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದಳು. "ಅಮ್ಮನಿಗೂ ಹೇಳಿ," ಎಂದಳು.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಸೊಸೆ ಕಾಯಿ ತುರಿಯುತ್ತಿದ್ದಳು. "ಎಂತ ಮಾವ, ಚಾ ಬೇಕಾ?"

"ಚಾ ಅಲ್ಲ. ಆವತ್ತು ರೂಟರ್ ಹಾಳಾಯಿತೆಂದು ಮಗಳಿಗೆ ಬೈದದ್ದು ಉಂಟಲ್ಲ, ಅದು ನನಗೆ ಸಿಗಬೇಕಾದದ್ದು. ಈಗ ಬೈ," ಎಂದೆ.

ತುರಿಯುವ ಸದ್ದು ನಿಂತಿತು.